ನಿನ್ನೆ ಉಂಡದ್ದು ನೆನಪಿದೆಯೇ?

ಮೂರು ತಿಂಗಳ ಹಿಂದಿನ ಮಾತು. ಅಮಾವಾಸ್ಯೆಯಂದು ಶ್ರೀಮಠದ ಆವರಣದಲ್ಲಿ ನಾವು ನಡೆಸುವ ಉಚಿತ ತಪಾಸಣೆಗೆ ಬೇಳೆಕಾಳಿನ ವ್ಯಾಪಾರಿಗಳಾದ ಸದ್ಭಕ್ತರೊಬ್ಬರು ಪತ್ನೀಸಮೇತ ಬಂದಿದ್ದರು. ವಯಸ್ಸು 52. ಎದೆಯುರಿ, ಹುಳಿತೇಗು, ರಾತ್ರಿ ನಿದ್ರೆಯಿಲ್ಲ, ಜೊತೆಗೆ ಎರಡು ವರ್ಷಗಳಿಂದ ರಕ್ತದೊತ್ತಡ. ನಾವು ನಾಡಿ ಹಿಡಿದು ಕುಳಿತ ಎರಡು ನಿಮಿಷದಲ್ಲಿ ಅವರ ಜೇಬಿನ ಮೊಬೈಲು ಮೂರು ಸಲ ಕೂಗಿತು. ಮೂರನೆಯ ಸಲ ಅವರು ನಮ್ಮ ಬೆರಳುಗಳ ಕೆಳಗಿದ್ದ ಕೈಯನ್ನೇ ಎಳೆದುಕೊಂಡು ಮಾತನಾಡಿದರು. ಆಮೇಲೆ ನಮ್ಮತ್ತ ತಿರುಗಿ, “ಲಗೂನ ಗುಣ ಆಗೋದು ಏನರೆ ಕೊಡ್ರಿ ಸಾಹೇಬ್ರ. ಪಥ್ಯ ಗಿಥ್ಯ ನಮ್ಮ ಕಡೆಯಿಂದ ಆಗಂಗಿಲ್ಲ” ಎಂದರು.

ನಾವು ಔಷಧದ ಮಾತೆತ್ತದೆ, “ನಿನ್ನೆ ಮಧ್ಯಾಹ್ನ ಏನು ಊಟ ಮಾಡಿದಿರಿ?” ಎಂದು ಕೇಳಿದೆವು. ಅವರು ಸೂರು ನೋಡಿದರು, ನೆಲ ನೋಡಿದರು. “ಏನರೆ ಮಾಡಿರಬೇಕ್ರಿ” ಎಂದರು. ಪಕ್ಕದಲ್ಲಿ ನಿಂತಿದ್ದ ತಾಯಿ ಮೆಲ್ಲಗೆ ಹೇಳಿದರು: “ಅವರಿಗೆ ಸೇರತದ ಅಂತ ಬದನಿಕಾಯಿ ಎಣ್ಣಿಗಾಯಿ ಮಾಡಿದ್ನಿರಿ.”

ಆ ರಾತ್ರಿ ಈ ಪ್ರಸಂಗವನ್ನು ನಾವು ಮನೆಯಲ್ಲಿ ನಗುನಗುತ್ತ ಹೇಳಿದಾಗ ನಮ್ಮ ಮನೆಯವರು ನಗಲಿಲ್ಲ. “ನೀವು ಹೇಳ್ರಿ ನೋಡೋಣ, ಇವತ್ತ ಮಧ್ಯಾಹ್ನ ಏನ ಉಂಡ್ರಿ?” ಎಂದು ಕೇಳಿದರು. ನಮಗೂ ಉತ್ತರ ಹೊಳೆಯಲಿಲ್ಲ. ಈ ಲೇಖನ ಹುಟ್ಟಿದ್ದು ಆ ಮೌನದಿಂದ.

ಒಬ್ಬ ಅಜ್ಜಿ ಕಲಿಸಿದ ಪಾಠ

ಅವಸರದ ಕೇಡನ್ನು ನಾವು ಮೊದಲ ಸಲ ಅರಿತದ್ದು ಗ್ರಂಥದಿಂದಲ್ಲ, ರೋಗಿಯೊಬ್ಬರಿಂದ. ಹದಿನಾಲ್ಕು ವರ್ಷಗಳ ಹಿಂದೆ ನಮ್ಮ ಚಿಕಿತ್ಸಾಲಯಕ್ಕೆ ದಿನಕ್ಕೆ ಎಂಬತ್ತು ಜನ ಬರುತ್ತಿದ್ದರು. ಅದನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದೆವು. ಒಬ್ಬೊಬ್ಬರಿಗೆ ಮೂರು ನಿಮಿಷವೂ ದಕ್ಕುತ್ತಿರಲಿಲ್ಲ. ಹತ್ತಿರದ ಹಳ್ಳಿಯಿಂದ ಎಪ್ಪತ್ತರ ಸಮೀಪದ ತಾಯಿಯೊಬ್ಬರು ಹೊಟ್ಟೆಯುಬ್ಬರ, ಅಜೀರ್ಣ, ನಿಶ್ಶಕ್ತಿ ಎಂದು ಬಂದರು. ಹಿಂಗ್ವಾಷ್ಟಕ ಚೂರ್ಣ ಬರೆದುಕೊಟ್ಟೆವು. ಗುಣವಾಗಲಿಲ್ಲ. ಔಷಧ ಬದಲಿಸಿದೆವು. ಮೂರನೆಯ ಸಲವೂ ಬದಲಿಸಿದೆವು. ಮೂರು ತಿಂಗಳು ಕಳೆಯಿತು, ಅವರ ತೂಕ ನಾಲ್ಕು ಕಿಲೋ ಇಳಿಯಿತು.

ನಾಲ್ಕನೆಯ ಸಲ ಅವರು ಬಂದಾಗ ಜೋರು ಮಳೆ. ಬೇರಾರೂ ಇರಲಿಲ್ಲ. ಮಳೆ ನಿಲ್ಲುವವರೆಗೆ ಅಲ್ಲೇ ಕುಳಿತ ಆ ತಾಯಿ ಚೀಲದಿಂದ ರೊಟ್ಟಿಯ ಗಂಟು ಬಿಚ್ಚಿದರು. ಮುರಿದ ರೊಟ್ಟಿಯ ಚೂರನ್ನು ಬಾಯಿಗಿಟ್ಟು, ಒಂದು ಗುಟುಕು ನೀರು ಕುಡಿದು, ಮಾತ್ರೆ ನುಂಗುವಂತೆ ನುಂಗುತ್ತಿದ್ದರು. ನಾವು ಬೆರಗಾಗಿ ಕೇಳಿದೆವು: “ಯಾಕವ್ವಾ, ಅಗಿಯಂಗಿಲ್ಲೇನು?” ಅವರು, “ಎಡಕ್ಕ ಹಲ್ಲ ಇಲ್ರೀ, ಬಲಕ್ಕ ನೋಯತಾವು. ಹಂಗ ನುಂಗತೀನಿ” ಎಂದರು. “ಮೊದಲ ಹೇಳಬಾರದಾಗಿತ್ತ?” ಎಂದೆವು. ಆ ತಾಯಿ ಸಿಟ್ಟಿಲ್ಲದೆ ಹೇಳಿದ ಮಾತು ಇಂದಿಗೂ ನಮ್ಮ ಕಿವಿಯಲ್ಲಿದೆ: “ನೀವು ಕೇಳಲಿಲ್ಲಲ್ರೀ. ನಿಮಗ ಭಾಳ ಗಡಿಬಿಡಿ ಇತ್ತು.”

ತೂಕ ಇಳಿದಿದ್ದರಿಂದ ಅಗತ್ಯವಾದ ತಪಾಸಣೆಗಳನ್ನೆಲ್ಲ ಮಾಡಿಸಿದೆವು. ಬೇರೆ ದೋಷ ಕಾಣಲಿಲ್ಲ. ದಂತವೈದ್ಯರ ಬಳಿ ಕಳಿಸಿದೆವು. ಹಲ್ಲಿನ ಕೆಲಸ ಮುಗಿಯುವವರೆಗೆ ಜೋಳದ ನುಚ್ಚು, ಮಜ್ಜಿಗೆ, ಮೆತ್ತಗೆ ಬೇಯಿಸಿದ ಹೆಸರುಬೇಳೆ ಉಣ್ಣಲು ಹೇಳಿದೆವು. ಕೆಲವೇ ವಾರಗಳಲ್ಲಿ ಅವರು ಚೇತರಿಸಿಕೊಂಡರು. ಮೂರು ತಿಂಗಳ ಔಷಧ ಮಾಡದ ಕೆಲಸವನ್ನು ಒಂದು ಪ್ರಶ್ನೆ ಮಾಡಿತು. ಆ ಪ್ರಶ್ನೆ ಕೇಳಲು ನಮಗೆ ಬಿಡುವಿರಲಿಲ್ಲ, ಅಷ್ಟೇ. ನುಂಗುತ್ತಿದ್ದವರು ಆ ತಾಯಿಯೊಬ್ಬರೇ ಅಲ್ಲ. ಎಂಬತ್ತು ರೋಗಿಗಳನ್ನು ನಾವೂ ಅಗಿಯದೆ ನುಂಗುತ್ತಿದ್ದೆವು.

ಪ್ರಾಣ ಮೊದಲು, ಧನ ಆಮೇಲೆ

ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಮನುಷ್ಯನು ಅರಸಬೇಕಾದ ಮೂರು ಏಷಣೆಗಳನ್ನು ಹೇಳಿದೆ: ಪ್ರಾಣೈಷಣೆ, ಧನೈಷಣೆ, ಪರಲೋಕೈಷಣೆ. ಆಚಾರ್ಯರು ಈ ಕ್ರಮವನ್ನು ಸುಮ್ಮನೆ ಇಟ್ಟದ್ದಲ್ಲ. ಪ್ರಾಣವಿಲ್ಲದಿದ್ದರೆ ಉಳಿದುದೆಲ್ಲವೂ ಇಲ್ಲವಾಗುವುದರಿಂದ ಅದಕ್ಕೆ ಮೊದಲ ಸ್ಥಾನ. ಧನವನ್ನು ಅವರು ಹಳಿಯಲಿಲ್ಲವೆಂಬುದನ್ನೂ ಗಮನಿಸಬೇಕು. ಸಾಧನಗಳಿಲ್ಲದ ದೀರ್ಘಾಯುಷ್ಯ ಸುಖವಲ್ಲವೆಂದು ಅವರು ಬಲ್ಲರು. ಕೃಷಿ, ಗೋಪಾಲನೆ, ವ್ಯಾಪಾರಗಳನ್ನು ಮಾಡಿ ಗಳಿಸಬೇಕೆಂದೇ ಅವರ ಅಭಿಪ್ರಾಯ. ಆದರೆ ಅದು ಎರಡನೆಯದು.

ಇಂದು ನಾವೆಲ್ಲರೂ ಮೊದಲ ಎರಡನ್ನು ಅದಲುಬದಲು ಮಾಡಿಕೊಂಡಿದ್ದೇವೆ. ಗಳಿಕೆಗಾಗಿ ಊಟ ಬಿಡುತ್ತೇವೆ, ನಿದ್ರೆ ಬಿಡುತ್ತೇವೆ. ಹೀಗೆ ಕೆಟ್ಟ ಆರೋಗ್ಯವನ್ನು ಮರಳಿ ಕೊಳ್ಳಲು ಗಳಿಸಿದ್ದನ್ನು ಸುರಿಯುತ್ತೇವೆ. ತಿಳಿದೂ ತಿಳಿದೂ ಮಾಡುವ ಇಂತಹ ತಪ್ಪಿಗೆ ಆಯುರ್ವೇದ ಪ್ರಜ್ಞಾಪರಾಧವೆಂದು ಹೆಸರಿಟ್ಟಿದೆ.

ನಿಧಾನವೆಂದರೆ ಆಲಸ್ಯವಲ್ಲ

ನಿಧಾನವಾಗಿ ಬಾಳಿರೆಂದರೆ ಹಲವರು ಕೆಲಸ ಬಿಟ್ಟು ಕೂರಿರೆಂದು ತಿಳಿಯುತ್ತಾರೆ. ಕಾಯಕವನ್ನೇ ಪೂಜೆಯೆಂದು ನಂಬಿದ ನಮಗೆ ಆ ಮಾತು ಒಪ್ಪಿಗೆಯಾಗದು, ಆಗಲೂಬಾರದು. ಇದಕ್ಕೆ ಉತ್ತರ ಚರಕಸಂಹಿತೆಯ ವಿಮಾನಸ್ಥಾನದ ಮೊದಲ ಅಧ್ಯಾಯದಲ್ಲಿದೆ. ಅಲ್ಲಿ ಊಟದ ವಿಧಿಗಳನ್ನು ಹೇಳುವಾಗ ಆಚಾರ್ಯರು ಅತಿ ವೇಗವಾಗಿ ಉಣ್ಣಬಾರದೆನ್ನುತ್ತಾರೆ. ಅದರ ಬೆನ್ನಲ್ಲೇ ಅತಿ ತಡವಾಗಿಯೂ ಉಣ್ಣಬಾರದೆನ್ನುತ್ತಾರೆ. ವೇಗವಾಗಿ ಉಂಡರೆ ಅನ್ನ ದಾರಿ ತಪ್ಪುತ್ತದೆ, ಹೊಟ್ಟೆಯಲ್ಲಿ ಸರಿಯಾಗಿ ನೆಲೆಗೊಳ್ಳುವುದಿಲ್ಲ, ಅದರ ಗುಣದೋಷಗಳು ನಾಲಿಗೆಗೆ ತಿಳಿಯುವುದಿಲ್ಲ. ಎಳೆದೆಳೆದು ಉಂಡರೆ ತೃಪ್ತಿಯಾಗುವುದಿಲ್ಲ, ಹೆಚ್ಚು ಉಣ್ಣುತ್ತೇವೆ, ಅನ್ನ ತಣ್ಣಗಾಗುತ್ತದೆ, ಪಚನ ಏರುಪೇರಾಗುತ್ತದೆ. ಅಂದರೆ ವೈದ್ಯಶಾಸ್ತ್ರ ಬಯಸುವುದು ಮಂದಗತಿಯನ್ನಲ್ಲ, ತಕ್ಕ ಗತಿಯನ್ನು.

ಅದೇ ವಿಧಿಗಳಲ್ಲಿ ಇನ್ನೊಂದಿದೆ: ಹರಟದೆ, ನಗದೆ, ಮನಸ್ಸನ್ನು ಊಟದಲ್ಲಿಯೇ ಇಟ್ಟು ಉಣ್ಣಬೇಕು. ಇದಕ್ಕೆ ಅವರು ಬಳಸಿದ ಪದ ‘ತನ್ಮನಾ’. ಅದರಲ್ಲಿಯೇ ಮನಸ್ಸುಳ್ಳವನು ಎಂದರ್ಥ. ನಮ್ಮ ಅಭಿಪ್ರಾಯದಲ್ಲಿ ನಿಧಾನದ ಬದುಕಿನ ಸಾರವೆಲ್ಲ ಈ ಒಂದು ಪದದಲ್ಲಿದೆ. ಕೈ ಎಲ್ಲಿದೆಯೋ ಮನಸ್ಸೂ ಅಲ್ಲಿರುವುದೇ ನಿಧಾನ. ಬೆಳಗ್ಗೆ ಇಷ್ಟಲಿಂಗವನ್ನು ಕರಸ್ಥಲದಲ್ಲಿಟ್ಟು ದೃಷ್ಟಿ ನೆಡುವ ಭಕ್ತರಿಗೆ ಇದು ಹೊಸ ವಿದ್ಯೆಯೇನಲ್ಲ. ಪೂಜೆಯಲ್ಲಿ ಬಲ್ಲ ಆ ಏಕಾಗ್ರತೆಯನ್ನು ಪ್ರಸಾದಕ್ಕೆ ಕುಳಿತಾಗ ಮರೆಯದಿದ್ದರೆ ಸಾಕು.

ದೇಹ ಏನು ಹೇಳುತ್ತದೆ?

ಆಧುನಿಕ ಶರೀರಶಾಸ್ತ್ರವೂ ಇದಕ್ಕೆ ಹೊರತಾದ ಮಾತನ್ನಾಡುವುದಿಲ್ಲ. ಪಚನ ಆರಂಭವಾಗುವುದು ಹೊಟ್ಟೆಯಲ್ಲಲ್ಲ, ಬಾಯಲ್ಲಿ. ಜೊಲ್ಲುರಸದಲ್ಲಿರುವ ಕಿಣ್ವವು ರೊಟ್ಟಿ, ಅನ್ನಗಳ ಪಿಷ್ಟವನ್ನು ಒಡೆಯತೊಡಗುತ್ತದೆ. ಚೆನ್ನಾಗಿ ಅಗಿದ ತುತ್ತು ನುಣ್ಣಗಾಗಿ ಜಠರಕ್ಕೆ ಇಳಿಯುತ್ತದೆ. ಅಗಿಯದ ತುತ್ತಿನ ಜೊತೆಗೆ ಗಾಳಿಯೂ ಒಳಹೋಗುತ್ತದೆ. ತೇಗು, ಹೊಟ್ಟೆಯುಬ್ಬರಗಳಿಗೆ ಇದೊಂದು ಸಾಮಾನ್ಯ ಕಾರಣ. ಹೊಟ್ಟೆ ತುಂಬಿತೆಂಬ ಸುದ್ದಿ ಮಿದುಳಿಗೆ ಚೆನ್ನಾಗಿ ಮುಟ್ಟಲು 15ರಿಂದ 20 ನಿಮಿಷ ಬೇಕು. ಆರು ನಿಮಿಷದಲ್ಲಿ ಉಂಡೇಳುವವರಿಗೆ ಸುದ್ದಿ ಬರುವ ಹೊತ್ತಿಗೆ ಬೇಕಾದುದಕ್ಕಿಂತ ಹೆಚ್ಚು ಒಳಗೆ ಸೇರಿರುತ್ತದೆ.

ಇನ್ನೊಂದು ಸಂಗತಿ. ನಮ್ಮ ನರಮಂಡಲದಲ್ಲಿ ಎರಡು ವ್ಯವಸ್ಥೆಗಳಿವೆ. ಒಂದು ಓಡಲು, ಹೋರಾಡಲು ಸಜ್ಜುಗೊಳಿಸುವುದು. ಇನ್ನೊಂದು ವಿಶ್ರಾಂತಿ ಮತ್ತು ಪಚನಕ್ಕೆ ಸಂಬಂಧಿಸಿದ್ದು. ಮೊದಲನೆಯದು ಮೇಲುಗೈ ಪಡೆದಾಗ ಎದೆಬಡಿತ, ರಕ್ತದೊತ್ತಡಗಳು ಏರುತ್ತವೆ, ಬಾಯಿ ಒಣಗುತ್ತದೆ, ಕರುಳಿನತ್ತ ಹರಿಯುವ ರಕ್ತ ಕಡಿಮೆಯಾಗುತ್ತದೆ. ಹುಲಿ ಅಟ್ಟಿಸಿಕೊಂಡು ಬಂದಾಗ ಇದು ಬೇಕು. ಆದರೆ ಮೊಬೈಲಿನ ಪ್ರತಿಯೊಂದು ಕೂಗಿಗೂ ದೇಹ ಹುಲಿ ಬಂತೆಂದೇ ಭಾವಿಸಿದರೆ ಉಂಡ ಅನ್ನ ಪಚನವಾಗುವುದು ಯಾವಾಗ? ಹಿತವಾದ ಆಹಾರವನ್ನು ಮಿತವಾಗಿ ಉಂಡರೂ ಚಿಂತೆ, ಶೋಕ, ಭಯ, ಕ್ರೋಧ, ಜಾಗರಣೆಗಳಿಂದ ಅದು ಜೀರ್ಣವಾಗದೆಂದು ಚರಕಾಚಾರ್ಯರು ಹೇಳಿದ್ದು ಇದನ್ನೇ.

ತಡೆಯಬಾರದ್ದನ್ನು ತಡೆಯುತ್ತಿದ್ದೇವೆ

ಆಯುರ್ವೇದ 13 ಸಹಜ ವೇಗಗಳನ್ನು ತಡೆಯಬಾರದೆಂದು ವಿಧಿಸಿದೆ. ಮೂತ್ರ, ಮಲ, ಅಪಾನವಾಯು, ಸೀನು, ತೇಗು, ಆಕಳಿಕೆ, ಹಸಿವು, ಬಾಯಾರಿಕೆ, ಕಣ್ಣೀರು, ನಿದ್ರೆ ಮುಂತಾದವು ಅವು. ಅವಸರದ ಬದುಕೆಂದರೆ ದಿನವಿಡೀ ಇವುಗಳನ್ನು ತಡೆಯುವ ಬದುಕು. ಬೆಳಗ್ಗೆ ಬಸ್ಸು ತಪ್ಪೀತೆಂದು ಮಲಪ್ರವೃತ್ತಿಯನ್ನು ತಡೆಯುವ ನೌಕರರಲ್ಲಿ ಮಲಬದ್ಧತೆ ಬೇರೂರಿರುವುದನ್ನು ನಾವು ವರ್ಷಗಳಿಂದ ಕಾಣುತ್ತಿದ್ದೇವೆ. ಶಾಲೆಯಲ್ಲಿ ಸಂಜೆಯವರೆಗೆ ನೀರು ಕುಡಿಯದೆ, ಮೂತ್ರ ತಡೆದು ಪಾಠ ಮಾಡುವ ಶಿಕ್ಷಕಿಯರು ಉರಿಮೂತ್ರದಿಂದ ಬಳಲಿ ಬರುತ್ತಾರೆ.

ಅದೇ ಅಧ್ಯಾಯ ತಡೆಯಲೇಬೇಕಾದ ವೇಗಗಳನ್ನೂ ಹೇಳುತ್ತದೆ: ಲೋಭ, ಶೋಕ, ಭಯ, ಕ್ರೋಧ, ಅಹಂಕಾರ, ಈರ್ಷ್ಯೆ, ಅತಿಯಾದ ಆಸಕ್ತಿ. ಇಂದು ನಾವು ಮಾಡುತ್ತಿರುವುದು ತಿರುವುಮುರುವು. ಹಸಿವನ್ನು ತಡೆಯುತ್ತೇವೆ, ಲೋಭವನ್ನು ಹರಿಯಬಿಡುತ್ತೇವೆ. ನಿದ್ರೆಯನ್ನು ತಡೆಯುತ್ತೇವೆ, ಸಿಟ್ಟನ್ನು ತಡೆಯುವುದಿಲ್ಲ.

ಜೇಬಿಲ್ಲದ ಅಂಗಿ

ಅವಸರ ಬರುವುದು ವೇಳೆ ಸಾಲದೆ ಎಂದು ನಾವು ಭಾವಿಸುತ್ತೇವೆ. ಬಹುಮಟ್ಟಿಗೆ ಅದು ಬರುವುದು ಹೊರೆ ಹೆಚ್ಚಾಗಿ. ಆದ್ದರಿಂದ ಸರಳವಾಗದೆ ನಿಧಾನವಾಗುವುದು ಸಾಧ್ಯವಿಲ್ಲ. ವಿಜಯಪುರದ ಜ್ಞಾನಯೋಗಾಶ್ರಮದ ಪೂಜ್ಯ ಸಿದ್ಧೇಶ್ವರ ಸ್ವಾಮೀಜಿಯವರ ಅಂಗಿಗೆ ಜೇಬಿರಲಿಲ್ಲವೆಂಬುದು ನಾಡಿಗೆಲ್ಲ ತಿಳಿದ ಸಂಗತಿ. 2018ರಲ್ಲಿ ತಮಗೆ ಪ್ರಕಟವಾದ ಪದ್ಮಶ್ರೀ ಪ್ರಶಸ್ತಿಯನ್ನೂ ಅವರು ವಿನಯದಿಂದ ಬೇಡವೆಂದರು. 2023ರ ಜನವರಿ 2ರಂದು ಲಿಂಗೈಕ್ಯರಾಗುವವರೆಗೂ ಅವರ ಮಾತಿನಲ್ಲಿ, ನಡೆಯಲ್ಲಿ ಎಲ್ಲಿಯೂ ಅವಸರ ಕಾಣಲಿಲ್ಲ. ಇಡಲು ಜೇಬೇ ಇಲ್ಲದವರಿಗೆ ತುಂಬುವ ಆತುರವೆಲ್ಲಿಯದು?

ಸಂಸಾರಿಗಳಾದ ನಾವು ಜೇಬಿಲ್ಲದೆ ಬಾಳಲಾರೆವು, ನಿಜ. ಆದರೆ ಎಷ್ಟು ಜೇಬುಗಳು ಬೇಕೆಂದು ಎಣಿಸಬಹುದು. ಅಜ್ಜಿಯ ಪ್ರಸಂಗದ ಬಳಿಕ ನಾವು ದಿನಕ್ಕೆ ನೋಡುವ ರೋಗಿಗಳ ಸಂಖ್ಯೆಯನ್ನು ಮೂವತ್ತೈದಕ್ಕೆ ಇಳಿಸಿದೆವು. ಇದು ಸುಲಭವಾಗಿರಲಿಲ್ಲ. ವರಮಾನ ಇಳಿಯಿತು. ದೂರದಿಂದ ಬಂದವರನ್ನು ಮರಳಿ ಕಳಿಸುವುದು ಮನಸ್ಸಿಗೆ ನೋವಿನ ಸಂಗತಿಯಾಗಿತ್ತು. ಕೊನೆಗೆ ಸಂಜೆಯ ಹೊತ್ತಿಗೆ ಕಿರಿಯ ವೈದ್ಯರೊಬ್ಬರನ್ನು ಜೊತೆಗೆ ಸೇರಿಸಿಕೊಂಡೆವು. ಆದರೂ ಚಟ ಪೂರ್ತಿ ಹೋಗಿಲ್ಲವೆಂಬುದಕ್ಕೆ ಮೇಲೆ ಹೇಳಿದ ನಮ್ಮ ಮನೆಯ ಪ್ರಸಂಗವೇ ಸಾಕ್ಷಿ. ಅವಸರವು ಒಮ್ಮೆ ಬಿಟ್ಟರೆ ಬಿಟ್ಟುಹೋಗುವ ಚಟವಲ್ಲ. ದಿನವೂ ಬಿಡಬೇಕಾದುದು.

ಬಡಿಸುವ ತಾಯಿಯ ಮಾತು

ಒಂದು ಸೂಕ್ಷ್ಮವನ್ನು ಇಲ್ಲಿ ಹೇಳಲೇಬೇಕು. ಮನೆಯ ಗಂಡಸರು ಮಣೆಯ ಮೇಲೆ ಕುಳಿತು ಇಪ್ಪತ್ತು ನಿಮಿಷ ಸಾವಕಾಶವಾಗಿ ಉಂಡು, ಮನೆಯ ತಾಯಿ ಬಿಸಿರೊಟ್ಟಿ ತಟ್ಟುತ್ತ ಒಲೆಯ ಮುಂದೆ ನಿಂತಿದ್ದು, ಕೊನೆಗೆ ತಣ್ಣಗಾದ ಉಳಿಕೆಯನ್ನು ಐದು ನಿಮಿಷದಲ್ಲಿ ಮುಗಿಸಿದರೆ ಅದು ನಿಧಾನದ ಬದುಕಲ್ಲ. ಒಬ್ಬರ ಅವಸರವನ್ನು ಇನ್ನೊಬ್ಬರ ಹೆಗಲಿಗೆ ದಾಟಿಸಿದಂತೆ, ಅಷ್ಟೇ. ನಮ್ಮಲ್ಲಿಗೆ ಬರುವ ರಕ್ತಹೀನತೆಯ, ಆಮ್ಲಪಿತ್ತದ ರೋಗಿಗಳಲ್ಲಿ ಹೀಗೆ ಕೊನೆಯಲ್ಲಿ ಉಣ್ಣುವ ತಾಯಂದಿರು ಬಹಳ. ಶ್ರೀಮಠದ ದಾಸೋಹದ ಪಂಕ್ತಿಯಲ್ಲಿ ಮೇಲು ಕೀಳಿಲ್ಲದೆ ಕುಳಿತು ಪ್ರಸಾದ ಸ್ವೀಕರಿಸುವ ನಾವು ಮನೆಯಲ್ಲಿಯೂ ಅದೇ ಪಂಕ್ತಿಯನ್ನು ಏಕೆ ಹಾಕಬಾರದು? ರೊಟ್ಟಿಯನ್ನು ಮೊದಲೇ ಮಾಡಿ ಬುಟ್ಟಿಯಲ್ಲಿ ಮುಚ್ಚಿಡಿರಿ. ಪಲ್ಯ, ಸಾರು, ಮಜ್ಜಿಗೆಗಳನ್ನು ನಡುವೆ ಇರಿಸಿರಿ. ತಮತಮಗೆ ಬೇಕಾದುದನ್ನು ಬಡಿಸಿಕೊಂಡು ಎಲ್ಲರೂ ಕೂಡಿ ಕುಳಿತುಣ್ಣಿರಿ. ರಾತ್ರಿ ನಾಲ್ಕು ಬಗೆ ಬೇಕಿಲ್ಲ, ಎರಡು ಸಾಕು. ಸರಳತೆ ಅಡುಗೆಮನೆಯಿಂದಲೇ ಆರಂಭವಾಗಲಿ.

ಒಂದು ತಿಂಗಳ ಪಥ್ಯ

ಎಲ್ಲವನ್ನೂ ಒಂದೇ ದಿನ ಬದಲಿಸಹೊರಡುವುದೂ ಅವಸರವೇ. ವಾರಕ್ಕೊಂದು ನಿಯಮ ಸಾಕು.

1. ಮೊದಲ ವಾರ: ದಿನಕ್ಕೆ ಒಂದು ಊಟವನ್ನು ಕುಳಿತು, ಇಪ್ಪತ್ತು ನಿಮಿಷ ತೆಗೆದುಕೊಂಡು ಉಣ್ಣಿರಿ. ಮೊಬೈಲು ಬೇರೆ ಕೋಣೆಯಲ್ಲಿರಲಿ, ದೂರದರ್ಶನ ಆರಿರಲಿ. ಬಾಯಲ್ಲಿನ ತುತ್ತು ಇಳಿಯುವವರೆಗೆ ಮುಂದಿನ ತುತ್ತಿಗೆ ಕೈ ಹಾಕಬೇಡಿರಿ. ಹೊಟ್ಟೆಯ ನಾಲ್ಕು ಪಾಲಿನಲ್ಲಿ ಎರಡು ಅನ್ನಕ್ಕೆ, ಒಂದು ದ್ರವಕ್ಕೆ, ಉಳಿದೊಂದು ಗಾಳಿಯ ಸಂಚಾರಕ್ಕೆ ಎಂಬ ವಾಗ್ಭಟಾಚಾರ್ಯರ ಅಳತೆಯನ್ನು ನೆನಪಿಡಿರಿ. ಊಟದ ಮೇಲೆ ಸುಶ್ರುತಾಚಾರ್ಯರು ಹೇಳಿದಂತೆ ನೂರು ಹೆಜ್ಜೆ ಮೆಲ್ಲಗೆ ನಡೆಯಿರಿ.

2. ಎರಡನೆಯ ವಾರ: ರೂಢಿಗಿಂತ ಅರ್ಧ ಗಂಟೆ ಮೊದಲು ಮಲಗಿ, ಅರ್ಧ ಗಂಟೆ ಮೊದಲು ಏಳಿರಿ. ಉಳಿದ ಆ ಅರ್ಧ ಗಂಟೆಗೆ ಹೊಸ ಕೆಲಸ ಹಚ್ಚಬೇಡಿರಿ. ಶೌಚ, ಸ್ನಾನ, ಪೂಜೆಗಳು ಓಟವಿಲ್ಲದೆ ಮುಗಿಯಲಿ.

3. ಮೂರನೆಯ ವಾರ: ಬೆಳಗ್ಗೆ ಸಂಜೆ ಐದೈದು ನಿಮಿಷ ಬೆನ್ನು ನೆಟ್ಟಗಿಟ್ಟು ಕುಳಿತು ಉಸಿರನ್ನು ನಿಧಾನಗೊಳಿಸಿರಿ. ವಿಶ್ರಾಂತಿಯಲ್ಲಿ ನಾವು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತೇವೆ. ಅದು ಬಲವಂತವಿಲ್ಲದೆ ಆರೇಳಕ್ಕೆ ಇಳಿದರೆ ಎದೆಬಡಿತ ಶಾಂತವಾಗುತ್ತದೆ. ಉಸಿರು ಕಟ್ಟಿ ಹಿಡಿಯಬೇಡಿರಿ.

4. ನಾಲ್ಕನೆಯ ವಾರ: ವಾರದ ಒಂದು ಸಂಜೆಯನ್ನು ಬರಿದಾಗಿ ಬಿಡಿರಿ. ಮದುವೆ, ಮಾರುಕಟ್ಟೆ, ಸಭೆ ಯಾವುದೂ ಬೇಡ. ಮನೆಯ ಹಿರಿಯರ ಬಳಿ ಕುಳಿತು ಅವರ ಮಾತನ್ನು ಕೊನೆಯವರೆಗೆ ಕೇಳಿರಿ.

ದಿನಗೂಲಿಯ ಬಂಧುಗಳಿಗೆ, ಪಾಳಿಯಲ್ಲಿ ದುಡಿಯುವವರಿಗೆ ಇವೆಲ್ಲವೂ ಕೈಗೂಡಲಿಕ್ಕಿಲ್ಲ. ಅಂಥವರು ಮೊದಲನೆಯದೊಂದನ್ನು ಹಿಡಿದರೂ ಸಾಕು. ಹೊಲದ ಬದುವಿನ ಮೇಲೆ ಕುಳಿತು ಉಣ್ಣುವ ಬುತ್ತಿಗೂ ಈ ನಿಯಮ ಸಲ್ಲುತ್ತದೆ.

ನಿಧಾನ ಸಲ್ಲದ ಸಂದರ್ಭಗಳು

ಎದೆಯಲ್ಲಿ ಬಿಗಿತ, ಬೆವರು, ಎಡಗೈಗೋ ದವಡೆಗೋ ಹರಿಯುವ ನೋವು ಕಂಡರೆ ಅದನ್ನು ಆಮ್ಲಪಿತ್ತವೆಂದು ತಿಳಿದು ಮನೆಯಲ್ಲಿ ಕೂರಬಾರದು. ತತ್‌ಕ್ಷಣ ಆಸ್ಪತ್ರೆಗೆ ಹೋಗಬೇಕು. ಕಾರಣವಿಲ್ಲದೆ ತೂಕ ಇಳಿಯುವುದು, ನುಂಗಲು ತೊಡಕು, ಕಪ್ಪು ಮಲ ಇವುಗಳಿಗೂ ತಡಮಾಡದೆ ತಪಾಸಣೆ ಆಗಬೇಕು. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಊಟದ ವೇಳೆಯನ್ನು ಮುಂದೂಡಬಾರದು. ನಿಧಾನದ ಬದುಕು ಹಿಡಿದೆವೆಂದು ರಕ್ತದೊತ್ತಡದ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಲೂಬಾರದು.

ಬೇಳೆಕಾಳಿನ ಆ ಸದ್ಭಕ್ತರು ಕಳೆದ ಅಮಾವಾಸ್ಯೆಗೆ ಮತ್ತೆ ಬಂದಿದ್ದರು. ರಕ್ತದೊತ್ತಡದ ಮಾತ್ರೆ ಮುಂದುವರಿದಿದೆ. ಎದೆಯುರಿ ಬಹುಪಾಲು ಇಳಿದಿದೆ, ನಿದ್ರೆ ಬರುತ್ತಿದೆ. ಮೊಬೈಲನ್ನು ಪತ್ನಿಯ ಕೈಚೀಲದಲ್ಲಿ ಇಟ್ಟಿದ್ದರು. ನಾವು ನಾಡಿ ಹಿಡಿಯುವ ಮೊದಲೇ ಅವರು ತಾವಾಗಿ ಹೇಳಿದರು: “ನಿನ್ನೆ ಮಧ್ಯಾಹ್ನ ಹೆಸರಕಾಳ ಪಲ್ಯ ಇತ್ರೀ ಸಾಹೇಬ್ರ. ಉಪ್ಪ ಒಂಚೂರು ಜಾಸ್ತಿ ಆಗಿತ್ತು.” ಆ ತಾಯಿ ನಕ್ಕರು. ಇಷ್ಟು ವರ್ಷಗಳಲ್ಲಿ ಅವರ ಅಡುಗೆಯ ಉಪ್ಪಿನ ಬಗ್ಗೆ ಯಾರಾದರೂ ಮಾತಾಡಿದ್ದು ಅದೇ ಮೊದಲಂತೆ.

ಓದುಗ ಬಂಧುಗಳೂ ಇಂದು ಊಟಕ್ಕೆ ಕುಳಿತಾಗ ಉಪ್ಪು ಹೆಚ್ಚೋ ಕಡಿಮೆಯೋ ಗಮನಿಸಿರಿ. ಆರೋಗ್ಯದ ದಾರಿ ಅಲ್ಲಿಂದಲೇ ತೊಡಗುತ್ತದೆ. ಸರ್ವರಿಗೂ ಆಯುರಾರೋಗ್ಯ ಲಭಿಸಲಿ. ಶರಣು ಶರಣಾರ್ಥಿಗಳು.